ಉತ್ತರಕ್ಕಿಂತ ಮೊದಲು ಪ್ರಶ್ನೆ ಯಾರದೆಂದು ನೋಡಿ

1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಸಿನ್ಸಿನಾಟಿಯಲ್ಲಿ ಸಂಶೋಧಕರು ಜನರ ಮುಂದೆ ಒಂದು ಪ್ರಶ್ನೆ ಇಟ್ಟರು. 1975ರ ‘ಪಬ್ಲಿಕ್ ಅಫೇರ್ಸ್ ಆಕ್ಟ್’ ಎಂಬ ಕಾಯ್ದೆಯನ್ನು ರದ್ದು ಮಾಡಬೇಕೇ, ಬೇಡವೇ? ಸುಮಾರು ಮೂರನೇ ಒಂದು ಭಾಗದಷ್ಟು ಜನ ಬೇಕು ಅಥವಾ ಬೇಡ ಎಂದು ಉತ್ತರಿಸಿದರು. ಅಂಥ ಕಾಯ್ದೆಯೇ ಇರಲಿಲ್ಲ. 1995ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದೇ ಇಲ್ಲದ ಕಾಯ್ದೆಯ ಬಗ್ಗೆ ಮತ್ತೆ ಕೇಳಿಸಿತು. ಈ ಸಲ ಕೆಲವರಿಗೆ ‘ಅಧ್ಯಕ್ಷ ಕ್ಲಿಂಟನ್ ಇದನ್ನು ರದ್ದು ಮಾಡಬೇಕೆನ್ನುತ್ತಾರೆ’ ಎಂದೂ, ಬೇರೆಯವರಿಗೆ ‘ಸಂಸತ್ತಿನ ರಿಪಬ್ಲಿಕನ್ನರು ರದ್ದು ಮಾಡಬೇಕೆನ್ನುತ್ತಾರೆ’ ಎಂದೂ ಸೇರಿಸಿ ಹೇಳಿದರು. ಕ್ಲಿಂಟನ್ ಡೆಮಾಕ್ರಟಿಕ್ ಪಕ್ಷದವರು, ರಿಪಬ್ಲಿಕನ್ನರು ಅವರ ಎದುರಾಳಿ ಪಕ್ಷ. ಉತ್ತರಗಳು ಪಕ್ಷದ ಗೆರೆಯಲ್ಲೇ ಎರಡಾಗಿ ಸೀಳಿದವು. ಕಾಯ್ದೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ, ಆದರೆ ಯಾರ ಹೆಸರು ಅದಕ್ಕೆ ಅಂಟಿದೆ ಎಂಬುದಷ್ಟೇ ಒಂದು ಅಭಿಪ್ರಾಯ ಹುಟ್ಟಲು ಸಾಕಾಯಿತು.

ಇದನ್ನು ಓದಿ ಜನ ದಡ್ಡರು ಅಂದುಕೊಳ್ಳಬಾರದು. ದುಡಿದು ಮನೆ ನಡೆಸುವವರಿಗೆ ವರ್ಷಕ್ಕೆ ನೂರಾರು ಮಸೂದೆಗಳನ್ನು ಓದುವಷ್ಟು ಬಿಡುವಿಲ್ಲ. ತಾವು ನಂಬುವವರು ಯಾವ ಕಡೆ ನಿಂತಿದ್ದಾರೆ ಎಂದು ನೋಡಿ ಅವರೂ ಆ ಕಡೆ ನಿಲ್ಲುತ್ತಾರೆ. ಪ್ರತಿನಿಧಿಯನ್ನು ಆರಿಸಿ ಕಳಿಸುವುದರ ಅರ್ಥವೇ ಅದು. ನಮ್ಮ ಪರವಾಗಿ ಓದಿ, ಯೋಚಿಸಿ, ಹೇಳಿ ಎಂದು ಒಬ್ಬರಿಗೆ ಒಪ್ಪಿಸಿದ್ದೇವೆ. ಹಾಗಾಗಿ ಚುನಾಯಿತರು ಜನರ ಮನಸ್ಸಿನ ಮೇಲೆ ಪ್ರಭಾವ ಬೀರುವುದು ತಾನಾಗಿ ಕೆಟ್ಟದ್ದೇನಲ್ಲ. ಆ ಪ್ರಭಾವ ಎಲ್ಲಿಂದ ಬರುತ್ತದೆ ಎಂಬ ವಿಷಯದಲ್ಲಿ ಮಾತ್ರ ಹೆಚ್ಚಿನವರ ಲೆಕ್ಕ ತಪ್ಪಿದೆ ಎಂದು ನನ್ನ ನಂಬಿಕೆ. ಎಲ್ಲರೂ ಭಾಷಣ ನೋಡುತ್ತಾರೆ, ಮಾತುಗಾರಿಕೆಯನ್ನು ಮೆಚ್ಚುತ್ತಾರೆ ಅಥವಾ ಹೆದರುತ್ತಾರೆ. ನಿಜವಾದ ಬಲ ಭಾಷಣಕ್ಕಿಂತ ಹಿಂದಿನ ತೀರ್ಮಾನಗಳಲ್ಲಿದೆ. ಯಾವ ವಿಷಯವನ್ನು ಎತ್ತಬೇಕು, ಅದಕ್ಕೆ ಏನು ಹೆಸರಿಡಬೇಕು, ಯಾವ ದಿನ ಹೇಳಬೇಕು, ಯಾವುದರ ಬಗ್ಗೆ ತುಟಿ ಬಿಚ್ಚಬಾರದು ಎಂಬ ತೀರ್ಮಾನಗಳವು.

ಭಾಷಣದ ಮಿತಿಗೆ ದಾಖಲೆ ಬೇಕಾದಷ್ಟಿದೆ. ಎರಡನೇ ಬಾರಿ ಗೆದ್ದು ಬಂದ ಅಧ್ಯಕ್ಷ ಜಾರ್ಜ್ ಡಬ್ಲ್ಯು ಬುಷ್ 2005ರಲ್ಲಿ, ಅಮೆರಿಕದ ವೃದ್ಧಾಪ್ಯ ಪಿಂಚಣಿ ವ್ಯವಸ್ಥೆಯ ಒಂದು ಭಾಗವನ್ನು ಖಾಸಗಿ ಖಾತೆಗಳಿಗೆ ಬದಲಿಸಬೇಕೆಂದು 60 ದಿನಗಳಲ್ಲಿ 60 ಊರುಗಳ ಪ್ರವಾಸದ ಯೋಜನೆ ಹಾಕಿಕೊಂಡು ಹೊರಟರು. ಪ್ರವಾಸ ಮುಂದುವರಿದಂತೆ ಬೆಂಬಲ ಇಳಿಯಿತು. ಪ್ರಸ್ತಾವ ಸದನದಲ್ಲಿ ಮತಕ್ಕೇ ಬರಲಿಲ್ಲ. ಮಾತಿನ ಮೋಡಿಗೆ ಹೆಸರಾದ ಅಧ್ಯಕ್ಷ ರೊನಾಲ್ಡ್ ರೇಗನ್ ವರ್ಷಗಟ್ಟಲೆ ಕೇಳಿಕೊಂಡರೂ ನಿಕರಾಗುವಾದ ಬಂಡುಕೋರರಿಗೆ ನೆರವು ಕೊಡುವ ವಿಷಯದಲ್ಲಿ ಅಮೆರಿಕದ ಬಹುಸಂಖ್ಯಾತರು ಅವರ ಜೊತೆ ಬರಲಿಲ್ಲ. ಕಾರಣ ಸರಳ. ಸಭೆಗೆ ಬರುವವರು ಆಗಲೇ ಒಪ್ಪಿದವರು. ಒಪ್ಪದವರು ಕೇಳಿಸಿಕೊಳ್ಳುವಾಗಲೇ ಮನಸ್ಸಿನಲ್ಲಿ ಪ್ರತಿವಾದ ಹೂಡುತ್ತಿರುತ್ತಾರೆ. ಅದೇ ಸಂಜೆ ವಿರೋಧ ಪಕ್ಷದವರ ಉತ್ತರ ಪರದೆಯ ಮೇಲೆ ಬರುತ್ತದೆ. ಇದೆಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಪಿಂಚಣಿಯಂಥ ವಿಷಯದಲ್ಲಿ ಜನರಿಗೆ ಸ್ವಂತ ಅನುಭವದ ಗಟ್ಟಿ ನೆಲ ಇರುತ್ತದೆ. ಅಲ್ಲಿ ಯಾರ ಮಾತೂ ಸುಲಭಕ್ಕೆ ಬೇರು ಬಿಡುವುದಿಲ್ಲ.

ಜನರಿಗೆ ಆ ಗಟ್ಟಿ ನೆಲ ಇಲ್ಲದ ಕಡೆ ಕಥೆಯೇ ಬೇರೆ. ಅಮೆರಿಕದ ಒಂದು ರಾಜ್ಯದ ಕೆಲವು ಶಾಸಕರು ಸಂಶೋಧಕರ ಜೊತೆ ಸೇರಿ ತಮ್ಮ ಮತದಾರರಿಗೆ ಅಧಿಕೃತ ಪತ್ರಗಳನ್ನು ಬರೆದರು. ಯಾರಿಗೆ ಪತ್ರ ಹೋಗಬೇಕು, ಯಾರಿಗೆ ಹೋಗಬಾರದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಕೆಲವು ಪತ್ರಗಳಲ್ಲಿ ನಿಲುವಿನ ಜೊತೆ ವಿವರವಾದ ಸಮರ್ಥನೆ ಇತ್ತು, ಕೆಲವರಿಗೆ ‘ನನ್ನ ನಿಲುವು ಇದು’ ಎಂಬಷ್ಟೇ ಹೋಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪತ್ರ ಪಡೆದವರು ಶಾಸಕರ ನಿಲುವಿನ ಕಡೆ ಸರಿದರು, ಆದರೆ ಕಾರಣಗಳನ್ನು ಹೆಚ್ಚು ಕೊಟ್ಟದ್ದರಿಂದ ಫಲ ಹೆಚ್ಚಲಿಲ್ಲ. ಬರಿಯ ನಿಲುವೇ ಕೆಲಸ ಮಾಡಿತ್ತು. ತಾವು ಒಪ್ಪದ ನಿಲುವು ತಳೆದ ಶಾಸಕರ ಬಗ್ಗೆ ಜನ ಸಿಟ್ಟಾಗಲೂ ಇಲ್ಲ. ಜನಾಭಿಪ್ರಾಯಕ್ಕೆ ಹೆದರಿ ನಿಲುವು ಮುಚ್ಚಿಡುವ ಜನಪ್ರತಿನಿಧಿಗಳು ಈ ಒಂದು ಸಂಗತಿಯನ್ನು ಮನಸ್ಸಿಗೆ ತೆಗೆದುಕೊಂಡರೆ ಎಷ್ಟೋ ಒಳ್ಳೆಯದಾದೀತು.

ಪಕ್ಷದ ಮಟ್ಟದಲ್ಲೂ ಇದೇ ನಡೆಯುತ್ತದೆ. ಬೆಲೆ ಮತ್ತು ವೇತನಗಳ ಮೇಲೆ ಸರ್ಕಾರದ ಹಿಡಿತ ಬೇಡವೆನ್ನುತ್ತಿದ್ದ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1971ರ ಆಗಸ್ಟ್ 15ರಂದು ಇದ್ದಕ್ಕಿದ್ದಂತೆ 90 ದಿನಗಳ ಬೆಲೆ ಸ್ತಂಭನ ಘೋಷಿಸಿದರು. ಅದೇ ಸಮಯಕ್ಕೆ ನಡೆಯುತ್ತಿದ್ದ ಒಂದು ಸಮೀಕ್ಷೆಯಲ್ಲಿ ಅವರ ಪಕ್ಷದ ಕಾರ್ಯಕರ್ತರ ಬೆಂಬಲ ಘೋಷಣೆಗೆ ಮೊದಲು ಇದ್ದುದಕ್ಕಿಂತ ಎರಡು ಪಟ್ಟು ಮೀರಿತ್ತು. ಡೆನ್ಮಾರ್ಕಿನಲ್ಲಿ 2010ರಲ್ಲಿ ನಿರುದ್ಯೋಗ ಭತ್ಯೆಯ ಅವಧಿಯನ್ನು 4 ವರ್ಷದಿಂದ 2 ವರ್ಷಕ್ಕೆ ಇಳಿಸಿದಾಗ, ಅದುವರೆಗೆ ಕಡಿತ ಬೇಡವೆನ್ನುತ್ತಿದ್ದ ಪಕ್ಷ ನಿಲುವು ಬದಲಿಸಿತು. ಒಂದೇ ಗುಂಪಿನ ಮತದಾರರನ್ನು ಮತ್ತೆ ಮತ್ತೆ ಮಾತನಾಡಿಸುತ್ತಿದ್ದ ಅಧ್ಯಯನದಲ್ಲಿ ಬೆಂಬಲಿಗರೂ ಪಕ್ಷದ ಹಿಂದೆಯೇ ತಿರುಗಿದ್ದು ಕಂಡಿತು. ಮತದಾರರು ತಮ್ಮ ವಿಚಾರಕ್ಕೆ ಹೊಂದುವ ನಾಯಕರನ್ನು ಹುಡುಕುತ್ತಾರೆ ಎಂದು ಪಾಠದಲ್ಲಿ ಓದುತ್ತೇವೆ. ಎಷ್ಟೋ ಸಲ ನಾಯಕರನ್ನು ಮೊದಲು ಆರಿಸಿ ವಿಚಾರವನ್ನು ಆಮೇಲೆ ತೊಟ್ಟುಕೊಳ್ಳುತ್ತಾರೆ.

ಯಾರು ಹೆಚ್ಚು ಸರಿಯುತ್ತಾರೆ? ಸುದ್ದಿಯನ್ನೇ ನೋಡದವರಿಗೆ ಸಂದೇಶ ಮುಟ್ಟುವುದಿಲ್ಲ. ದಿನವಿಡೀ ರಾಜಕೀಯ ಓದುವವರಲ್ಲಿ ಅದನ್ನು ತಡೆಯಲು ಬೇಕಾದ ಮಾಹಿತಿ ಮೊದಲೇ ಕೂಡಿರುತ್ತದೆ. ನಡುವಿನವರು, ಅಂದರೆ ತಲೆಬರಹ ಓದಿ, ಒಂದಿಷ್ಟು ಕೇಳಿ, ಒಳಹೊಕ್ಕು ನೋಡಲು ಬಿಡುವಿಲ್ಲದವರು, ಎಲ್ಲರಿಗಿಂತ ಹೆಚ್ಚು ಬದಲಾಗುತ್ತಾರೆ. ವಿಷಯ ಹೊಸದಾಗಿದ್ದರೆ, ತಾಂತ್ರಿಕವಾಗಿದ್ದರೆ, ದೂರದ್ದಾಗಿದ್ದರೆ ಪ್ರಭಾವ ಇನ್ನೂ ಜೋರು. ವಿದೇಶಾಂಗ ವ್ಯವಹಾರ, ವ್ಯಾಪಾರ ಒಪ್ಪಂದ, ದತ್ತಾಂಶ ಕಾನೂನುಗಳಲ್ಲಿ ನಾಯಕರ ಮಾತು ಓಡುತ್ತದೆ. ಅಡುಗೆಮನೆಯ ಖರ್ಚಿನಲ್ಲಿ ಓಡುವುದಿಲ್ಲ.

ಇನ್ನು ವಿಷಯವನ್ನು ಎತ್ತುವ ಕಲೆ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಎಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಕೇಳಿ ಒಂದು ಅಧ್ಯಯನ ನಡೆಯಿತು. ಮಾಧ್ಯಮಗಳು ಯಾವ ವಿಷಯಗಳಿಗೆ ಎಷ್ಟು ಜಾಗ ಕೊಟ್ಟಿದ್ದವೋ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಮತದಾರರೂ ಅವುಗಳ ಮಹತ್ವ ಹೇಳಿದರು. ಇದರ ಮುಂದಿನ ಹಂತ ಇನ್ನೂ ಗಂಭೀರ. 1980ರ ಸುಮಾರಿಗೆ ನಡೆದ ಪ್ರಯೋಗಗಳಲ್ಲಿ ಕೆಲವರಿಗೆ ರಕ್ಷಣಾ ಸುದ್ದಿ ಹೆಚ್ಚಾಗಿ ಸೇರಿಸಿದ ಟಿವಿ ವಾರ್ತೆಗಳನ್ನು ತೋರಿಸಿದಾಗ, ಅವರು ಅಧ್ಯಕ್ಷರಿಗೆ ಒಟ್ಟಾರೆ ಅಂಕ ಕೊಡುವಾಗಲೂ ರಕ್ಷಣೆಯ ಕೆಲಸವನ್ನೇ ಹೆಚ್ಚು ತೂಗಿದರು. ಅಂದರೆ ಯಾವ ವಿಷಯದಲ್ಲಿ ತನಗೆ ಒಳ್ಳೆಯ ಅಂಕ ಬರುತ್ತದೋ ಆ ವಿಷಯವನ್ನು ಮಾತಿನಲ್ಲಿ ಇಟ್ಟರೆ ಸಾಕು, ಯಾರ ಮನಸ್ಸನ್ನೂ ಬದಲಿಸಬೇಕಿಲ್ಲ.

ಸುದ್ದಿಮನೆಗೆ ದಿನವೂ ಹೊಸದೊಂದು ಎಳೆ ಬೇಕು. ನಿನ್ನೆ ಹೇಳಿದ್ದನ್ನೇ ಇಂದು ಹೇಳಿದರೆ ಅಚ್ಚಾಗುವುದಿಲ್ಲ. ಚುನಾಯಿತರಿಗೆ ಆ ಹೊಸ ಎಳೆ ಹುಟ್ಟಿಸುವ ಅಧಿಕೃತ ಸಾಧನಗಳಿವೆ, ಸಾಮಾನ್ಯ ಪ್ರಜೆಗೆ ಇಲ್ಲ. ಮೊದಲು ಸದನದಲ್ಲಿ ಲಿಖಿತ ಪ್ರಶ್ನೆ. ಸಚಿವರ ಉತ್ತರ ಬಂದ ಕೂಡಲೇ ಒಂದು ಅಂಕಿಗೆ ‘ಸರ್ಕಾರವೇ ಒಪ್ಪಿದೆ’ ಎಂಬ ಮುದ್ರೆ ಬೀಳುತ್ತದೆ. ಆ ಉತ್ತರವನ್ನು ಹಿಡಿದು ಪತ್ರಿಕಾಗೋಷ್ಠಿ. ಕೆಲವು ದಿನ ಬಿಟ್ಟು ಸ್ಥಳ ಭೇಟಿ, ಅದರ ಚಿತ್ರಗಳು. ಬಳಿಕ ಸಮಿತಿಯ ಮುಂದೆ ಅಧಿಕಾರಿಗಳ ಮತ್ತು ನೊಂದವರ ಹೇಳಿಕೆ. ಕೊನೆಗೆ ಖಾಸಗಿ ಮಸೂದೆ, ಅಂಗೀಕಾರ ಆಗುವುದಿಲ್ಲವೆಂದು ಗೊತ್ತಿದ್ದೂ. ಹೀಗೆ ಒಂದೇ ಸಂಗತಿ ಮೂರು ನಾಲ್ಕು ವಾರ ಉಸಿರಾಡುತ್ತದೆ. ಆಡಳಿತ ಪಕ್ಷದವರು ತಮ್ಮದೇ ಸದಸ್ಯರಿಂದ ಅನುಕೂಲದ ಪ್ರಶ್ನೆ ಕೇಳಿಸಿ ಸಚಿವರಿಂದ ಸಿದ್ಧ ಉತ್ತರ ಕೊಡಿಸುವುದೂ ಇದೇ ಸಾಧನದ ಇನ್ನೊಂದು ಬಳಕೆ. ಕೈಕೊಡುವುದು ಯಾವಾಗ? ನಡುವೆ ದೊಡ್ಡ ದುರಂತ ಅಥವಾ ಹಗರಣ ಬಂದರೆ, ತೋರಿಸಲು ಚಿತ್ರವಿಲ್ಲದಿದ್ದರೆ, ಮತ್ತು ಎದುರಾಳಿ ಜಗಳಕ್ಕೇ ಬರದಿದ್ದರೆ. ಕೊನೆಯದು ಎಲ್ಲಕ್ಕಿಂತ ಪರಿಣಾಮಕಾರಿ. ಉತ್ತರ ಬರದ ಆರೋಪ ಸಾಮಾನ್ಯವಾಗಿ ಎರಡು ದಿನದಲ್ಲಿ ಒಳಪುಟಕ್ಕೆ ಸರಿಯುತ್ತದೆ. ಸಿಟ್ಟಿನಿಂದ ಕೊಟ್ಟ ಸ್ಪಷ್ಟೀಕರಣ ಅದನ್ನು ಮತ್ತೆ ಮುಖಪುಟಕ್ಕೆ ತರುತ್ತದೆ.

ಹೆಸರಿಡುವುದು ಇದಕ್ಕಿಂತ ಸೂಕ್ಷ್ಮ. ಒಂದೇ ಅರ್ಥದ ಎರಡು ಮಾತು ಒಂದೇ ಉತ್ತರ ತರುತ್ತವೆ ಎಂದುಕೊಂಡರೆ 1941ರಲ್ಲಿ ಪ್ರಕಟವಾದ ಒಂದು ಹೋಲಿಕೆಯನ್ನು ನೋಡಬೇಕು. ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ ‘ಅವಕಾಶ ಕೊಡಬೇಕೇ’ ಎಂದಾಗ ಶೇ 62ರಷ್ಟು ಅಮೆರಿಕನ್ನರು ಕೊಡಬಾರದು ಎಂದರು. ಅದನ್ನೇ ‘ನಿಷೇಧಿಸಬೇಕೇ’ ಎಂದು ಕೇಳಿದಾಗ ಹೌದು ಎಂದವರು ಶೇ 46 ಮಾತ್ರ. ಅವಕಾಶ ಕೊಡದಿರುವುದೂ ನಿಷೇಧವೂ ಫಲದಲ್ಲಿ ಒಂದೇ, ಆದರೆ ‘ನಿಷೇಧ’ ಎಂಬ ಪದ ಕಿವಿಗೆ ಕಠೋರ. 2013ರಲ್ಲಿ ಸಿಎನ್‌ಬಿಸಿ ನಡೆಸಿದ ಸಮೀಕ್ಷೆಯಲ್ಲಿ ‘ಒಬಾಮಾಕೇರ್’ ಅನ್ನು, ಅಂದರೆ ಅಧ್ಯಕ್ಷ ಒಬಾಮಾ ತಂದ ಆರೋಗ್ಯ ವಿಮೆ ಕಾನೂನನ್ನು, ಶೇ 46ರಷ್ಟು ಜನ ವಿರೋಧಿಸಿದರೆ, ಅದೇ ಕಾನೂನನ್ನು ‘ಅಫೋರ್ಡಬಲ್ ಕೇರ್ ಆಕ್ಟ್’ ಎಂಬ ಅದರ ಅಧಿಕೃತ ಹೆಸರಿನಲ್ಲಿ ಕೇಳಿದಾಗ ವಿರೋಧಿಸಿದವರು ಶೇ 37. ನಾಯಕರ ಹೆಸರು ಸೇರಿದ ಕೂಡಲೇ ಬೆಂಬಲಿಗರೂ ವಿರೋಧಿಗಳೂ ಎಚ್ಚೆತ್ತುಕೊಳ್ಳುತ್ತಾರೆ, ನಡುವೆ ಇದ್ದವರು ಕಡಿಮೆಯಾಗುತ್ತಾರೆ.

ಆದರೆ ಸರ್ಕಾರ ಇಟ್ಟ ಹೆಸರೇ ಉಳಿಯುತ್ತದೆ ಎಂದೇನಿಲ್ಲ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ತಂದ ಸ್ಥಳೀಯ ತೆರಿಗೆಯ ಅಧಿಕೃತ ಹೆಸರು ‘ಕಮ್ಯುನಿಟಿ ಚಾರ್ಜ್’. ವಿರೋಧಿಗಳು ಅದನ್ನು ‘ಪೋಲ್ ಟ್ಯಾಕ್ಸ್’, ಅಂದರೆ ತಲೆಗಂದಾಯ ಎಂದರು. 1990ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಯಾಗುವ ಹೊತ್ತಿಗೆ ಎಲ್ಲರ ಬಾಯಲ್ಲಿ ಇದ್ದದ್ದು ಎರಡನೆಯ ಹೆಸರೇ. 2013ರಲ್ಲಿ ಅಲ್ಲಿನ ಇನ್ನೊಂದು ಸರ್ಕಾರ ‘ಖಾಲಿ ಕೋಣೆಯ ಸಬ್ಸಿಡಿ ತೆಗೆಯುತ್ತಿದ್ದೇವೆ’ ಎಂದಾಗ ಜನರ ನಾಲಿಗೆಯ ಮೇಲೆ ನಿಂತದ್ದು ‘ಬೆಡ್‌ರೂಮ್ ಟ್ಯಾಕ್ಸ್’. ಸೋತ ಹೆಸರುಗಳು ಎರಡೂ ಕಡತದ ಭಾಷೆಯವು. ಗೆದ್ದವು ಚಿಕ್ಕವು, ತಾನು ಏನು ತೆರಬೇಕು ಎಂಬುದನ್ನು ಕೇಳಿದವರಿಗೆ ಕಣ್ಣಿಗೆ ಕಟ್ಟಿಸುವಂಥವು. ಒಂದು ಹೆಸರು ಕೇಳಿದಾಗ ಅದರ ಎದುರಾಳಿ ಬಳಸುವ ಹೆಸರನ್ನೂ ಹುಡುಕಿ ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಎರಡರ ನಡುವೆ ಬಿಟ್ಟುಹೋದ ವಿವರ ಆಗ ಕಾಣುತ್ತದೆ. ಉದಾಹರಣೆಗೆ, ‘ಸುಧಾರಣೆ’ ಎಂಬ ಪದ ಇದ್ದಲ್ಲೆಲ್ಲ ಯಾರಿಗೆ ಏನು ಕಡಿಮೆಯಾಗುತ್ತದೆ, ಯಾರಿಗೆ ಏನು ಹೆಚ್ಚಾಗುತ್ತದೆ ಎಂದು ಎರಡು ಸಾಲು ಬರೆಯಲು ಆಗದಿದ್ದರೆ ನಮಗಿನ್ನೂ ವಿಷಯ ತಿಳಿದಿಲ್ಲ ಎಂದೇ ಅರ್ಥ.

ಅಂಕಿಗಳ ವಿಷಯದಲ್ಲಿ ಸುಳ್ಳಿಗಿಂತ ಅರ್ಧ ನಿಜವೇ ಹೆಚ್ಚು ಬಳಕೆಯಲ್ಲಿದೆ, ಯಾಕೆಂದರೆ ಅರ್ಧ ನಿಜವನ್ನು ಸಮರ್ಥಿಸಿಕೊಳ್ಳಬಹುದು. ಒಂದು ಕಾಲ್ಪನಿಕ ಲೆಕ್ಕ ನೋಡಿ. ಯೋಜನೆಯೊಂದಕ್ಕೆ ‘5,000 ಕೋಟಿ’ ಎಂದು ಘೋಷಣೆಯಾಗುತ್ತದೆ. ಕೆಳಗಿನ ಸಾಲಿನಲ್ಲಿ ಐದು ವರ್ಷಕ್ಕೆ ಎಂದಿದೆ. ವರ್ಷಕ್ಕೆ 1,000 ಕೋಟಿ ಆಯಿತು. ಅದೇ ಕೆಲಸಕ್ಕೆ ಕಳೆದ ವರ್ಷವೇ 850 ಕೋಟಿ ಖರ್ಚಾಗಿತ್ತು ಅಂದರೆ ಹೊಸದಾಗಿ ಸೇರಿದ್ದು 150. ಬೆಲೆ ಏರಿಕೆ ಶೇ 6 ಇದ್ದರೆ ಹಳೆಯ ಮಟ್ಟ ಕಾಯ್ದುಕೊಳ್ಳಲೇ 901 ಕೋಟಿ ಬೇಕು. ಉಳಿಯುವ ನಿಜವಾದ ಹೆಚ್ಚಳ 99 ಕೋಟಿ. ಐದು ಸಾವಿರದಿಂದ ತೊಂಬತ್ತೊಂಬತ್ತಕ್ಕೆ ಇಳಿಯುವಾಗ ನಾವು ಯಾರನ್ನೂ ಸುಳ್ಳುಗಾರರೆಂದು ಕರೆಯಬೇಕಾಗಲಿಲ್ಲ. ಇದೇ ರೀತಿ ನಿರುದ್ಯೋಗ ಶೇ 4ರಿಂದ 5ಕ್ಕೆ ಹೋದರೆ ಆಡಳಿತದವರು ‘ಒಂದೇ ಅಂಶ’ ಎನ್ನುತ್ತಾರೆ, ವಿರೋಧದವರು ‘ಶೇ 25ರಷ್ಟು ಏರಿಕೆ’ ಎನ್ನುತ್ತಾರೆ, ಎರಡೂ ಸರಿ. ಹೋಲಿಕೆಗೆ ಆರಿಸಿಕೊಂಡ ವರ್ಷವನ್ನೂ ನೋಡಬೇಕು. ಬರ, ಯುದ್ಧ, ಸಾಂಕ್ರಾಮಿಕದ ವರ್ಷದಿಂದ ಎಣಿಸಿದರೆ ಯಾವ ಗೆರೆಯೂ ಮೇಲಕ್ಕೇ ಹೋಗುತ್ತದೆ. ಅಂಕಿಯನ್ನು ಅಲ್ಲಗಳೆಯುವುದರಲ್ಲೂ ಒಂದು ಅಪಾಯ ಇದೆ. 2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದೆ ಎಂದು ಒಕ್ಕೂಟ ಬಿಡಬೇಕೆನ್ನುವವರು ತಮ್ಮ ಪ್ರಚಾರದ ಬಸ್ಸಿನ ಮೇಲೆ ಬರೆದ ಅಂಕಿ, ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದ ಮೊತ್ತವಾಗಿತ್ತು, ಅದು ದಾರಿ ತಪ್ಪಿಸುತ್ತದೆ ಎಂದು ಆ ದೇಶದ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಆದರೆ ತಿದ್ದುಪಡಿಯ ಪ್ರತಿ ಚರ್ಚೆಯೂ ‘ಎಷ್ಟು ಕಳಿಸುತ್ತಿದ್ದೇವೆ’ ಎಂಬ ಪ್ರಶ್ನೆಯನ್ನೇ ಮತ್ತೆ ಮುಂದಿಟ್ಟಿತು. ವಾಪಸು ಏನು ಬರುತ್ತದೆ ಎಂಬುದು ಹಿಂದೆ ಬಿತ್ತು.

ಮಾಡಿದ ಕೆಲಸದ ಹೆಸರು ಪಡೆಯುವುದರ ಬಗ್ಗೆ 2012ರಲ್ಲಿ ಬಂದ ಒಂದು ಸಂಶೋಧನೆ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಅನುದಾನ ತಂದೆವೆಂದು ಅಮೆರಿಕದ ಸಂಸದರು ಹೇಳಿಕೊಳ್ಳುವ ಸಂದೇಶಗಳನ್ನು ಪರೀಕ್ಷಿಸಿದಾಗ, ಮೊತ್ತ ದೊಡ್ಡದೋ ಚಿಕ್ಕದೋ ಎಂಬುದಕ್ಕೆ ಜನ ಹೆಚ್ಚು ಸ್ಪಂದಿಸಲಿಲ್ಲ. ಎಷ್ಟು ಸಲ ಸಂದೇಶ ಬಂತು ಎಂಬುದಕ್ಕೆ ಸ್ಪಂದಿಸಿದರು. ಹಣ ಕೇಳಲಿದ್ದೇವೆ, ಕೇಳಿದ್ದೇವೆ, ತಂದಿದ್ದೇವೆ ಎಂಬ ಮೂರಕ್ಕೂ ಸಿಕ್ಕ ಮೆಚ್ಚುಗೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಹಾಗಿದ್ದ ಮೇಲೆ ಒಂದು ದೊಡ್ಡ ಕೆಲಸವನ್ನು ಹತ್ತು ಸಣ್ಣ ಘೋಷಣೆಗಳಾಗಿ ಒಡೆಯುವುದು ಲಾಭದ ದಾರಿ. ಘೋಷಣೆ, ಬಜೆಟ್ ಹಂಚಿಕೆ, ಆಡಳಿತಾತ್ಮಕ ಮಂಜೂರಾತಿ, ಅನುದಾನ ಬಿಡುಗಡೆ, ಟೆಂಡರ್, ಕಾರ್ಯಾದೇಶ, ಶಂಕುಸ್ಥಾಪನೆ, ಉದ್ಘಾಟನೆ. ಒಂದೊಂದಕ್ಕೂ ಒಂದೊಂದು ಹೇಳಿಕೆ, ಒಂದೊಂದು ಚಿತ್ರ. ಓದುವವರು ಕೇಳಬೇಕಾದ್ದು ಒಂದೇ: ಇದು ಯಾವ ಹಂತ? ಮಂಜೂರಾತಿಗೂ ಬಿಡುಗಡೆಗೂ ನಡುವೆ ಎಷ್ಟೋ ಯೋಜನೆಗಳು ನಿಂತುಹೋಗುತ್ತವೆ, ಬಿಡುಗಡೆಯಾದ ಹಣವೂ ಖರ್ಚಾಗದೆ ವರ್ಷದ ಕೊನೆಗೆ ಮರಳುತ್ತದೆ. ಹಾಗಾಗಿ ಬಜೆಟ್ ಪುಸ್ತಕದಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಎಂಬ ಮೂರು ಕಂಬಸಾಲುಗಳಲ್ಲಿ ಕೊನೆಯದನ್ನೇ ನೋಡಬೇಕು.

ಸರ್ಕಾರದ ಖರ್ಚಿನಲ್ಲಿ ಸ್ವಂತ ಹೆಸರು ಬೆಳೆಸಿಕೊಳ್ಳುವುದಕ್ಕೆ ಅಲ್ಲಲ್ಲಿ ಬೇಲಿ ಹಾಕಲಾಗಿದೆ. ಅಮೆರಿಕದ ಸಂಸತ್ತಿನ ಸದಸ್ಯರು ಒಂದೇ ಬಗೆಯ 500 ಅಥವಾ ಹೆಚ್ಚು ಪತ್ರಗಳನ್ನು, ಯಾರೂ ಕೇಳದೆ, ಸಾರ್ವಜನಿಕ ಹಣದಲ್ಲಿ ಕಳಿಸುವುದನ್ನು ಚುನಾವಣೆಗೆ ಮುಂಚಿನ ದಿನಗಳಲ್ಲಿ ನಿರ್ಬಂಧಿಸಲಾಗಿದೆ. ಭಾರತದ ಸುಪ್ರೀಂ ಕೋರ್ಟ್ 2015ರ ಮೇ 13ರಂದು ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಯ ಚಿತ್ರ ಮಾತ್ರ ಇರಬಹುದು ಎಂದಿತು. 2016ರ ಮಾರ್ಚಿನಲ್ಲಿ ಅದನ್ನು ಸಡಿಲಿಸಿ ರಾಜ್ಯಪಾಲರು, ಮುಖ್ಯಮಂತ್ರಿಗಳು, ಸಂಬಂಧಪಟ್ಟ ಸಚಿವರ ಚಿತ್ರಗಳಿಗೂ ಅವಕಾಶ ಕೊಟ್ಟಿತು. ಬೇಲಿ ಎಷ್ಟು ಬೇಗ ತೆರೆಯಿತು ಎಂಬುದನ್ನು ನೋಡಿದರೆ ಆ ಚಿತ್ರಗಳ ಬೆಲೆ ಎಷ್ಟೆಂದು ತಿಳಿಯುತ್ತದೆ.

ಸಮಯದ ಆಟದಲ್ಲಿ ಎರಡು ಬಗೆ. ಒಂದು, ಗಾಳಿಗೆ ಬಿಟ್ಟು ನೋಡುವುದು. ‘ಉನ್ನತ ಮೂಲಗಳ ಪ್ರಕಾರ ಸರ್ಕಾರ ಇಂಥದ್ದನ್ನು ಪರಿಶೀಲಿಸುತ್ತಿದೆ’ ಎಂಬ ಸುದ್ದಿ ಹೊರಬರುತ್ತದೆ. ಯಾರ ಹೆಸರೂ ಇರುವುದಿಲ್ಲ. ಒಂದೆರಡು ದಿನ ಪ್ರತಿಕ್ರಿಯೆ ಅಳೆಯುತ್ತಾರೆ. ವಿರೋಧ ಜೋರಾದರೆ ‘ಅಂಥ ಪ್ರಸ್ತಾವವೇ ಇಲ್ಲ’ ಎಂಬ ನಿರಾಕರಣೆ, ತಣ್ಣಗಿದ್ದರೆ ವಾರ ಕಳೆದು ಆದೇಶ. ಇದರಲ್ಲಿ ಇನ್ನೊಂದು ಬಳಕೆಯೂ ಇದೆ. ಮೊದಲು ವಿಪರೀತ ಕಠಿಣವಾದದ್ದನ್ನು ತೇಲಿಬಿಟ್ಟು, ಆಮೇಲೆ ಅರ್ಧ ಇಳಿಸಿ ಘೋಷಿಸಿದರೆ ಜನ ನಿಟ್ಟುಸಿರು ಬಿಡುತ್ತಾರೆ, ಮೂಲದಲ್ಲಿ ಬೇಕಿದ್ದದ್ದು ಆ ಅರ್ಧವೇ ಆಗಿದ್ದರೂ. ಹೆಸರಿಲ್ಲದ ಮೂಲದ ಸುದ್ದಿ ಕಂಡಾಗ ಅದು ಹೊರಬಂದದ್ದರಿಂದ ಯಾರಿಗೆ ಅನುಕೂಲ ಎಂದು ಕೇಳಿಕೊಂಡರೆ ಮೂಲ ಯಾವುದೆಂದು ಹೆಚ್ಚಿನ ಸಲ ಊಹಿಸಬಹುದು.

ಇನ್ನೊಂದು, ಬೇಡದ ಸುದ್ದಿಯನ್ನು ದೊಡ್ಡ ಸುದ್ದಿಯ ಕೆಳಗೆ ಹೂಳುವುದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಮೇಲೆ ದಾಳಿ ನಡೆದ ಸ್ವಲ್ಪ ಹೊತ್ತಿನಲ್ಲೇ ಬ್ರಿಟನ್ನಿನ ಸಾರಿಗೆ ಮತ್ತು ಸ್ಥಳೀಯ ಆಡಳಿತ ಇಲಾಖೆಯ ವಿಶೇಷ ಸಲಹೆಗಾರರೊಬ್ಬರು, ಹೂಳಬೇಕಾದ ವಿಷಯ ಏನಾದರೂ ಇದ್ದರೆ ಹೊರಬಿಡಲು ಇಂದು ಒಳ್ಳೆಯ ದಿನ ಎಂಬರ್ಥದ ಇ-ಮೇಲ್ ಕಳಿಸಿದರು. ಅದು ಬಯಲಾಗಿ ಅವರು ಕ್ಷಮೆ ಕೇಳಬೇಕಾಯಿತು. ವಾರಾಂತ್ಯದ ಸಂಜೆ, ಹಬ್ಬದ ಮುನ್ನಾದಿನ, ಅಧಿವೇಶನದ ಕೊನೆಯ ಗಂಟೆಗಳಲ್ಲಿ ಬರುವ ವರದಿಗಳನ್ನು ಈ ಕಾರಣಕ್ಕೇ ಹೆಚ್ಚು ಗಮನದಿಂದ ಓದಬೇಕು.

ಮೌನಕ್ಕೂ ಇಷ್ಟೇ ತೂಕವಿದೆ. ಸೆಪ್ಟೆಂಬರ್ 11ರ ಮೊದಲು ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಅವರ ಕಾರ್ಯವೈಖರಿಗೆ ಒಪ್ಪಿಗೆ ಶೇ 51 ಇತ್ತು. ಎರಡು ವಾರ ತುಂಬುವುದರೊಳಗೆ ಶೇ 90 ಮುಟ್ಟಿತು. ದೇಶಕ್ಕೆ ಪೆಟ್ಟು ಬಿದ್ದಾಗ ಜನ ನಾಯಕರ ಸುತ್ತ ಸೇರುವುದು ಸಹಜ ಎಂದು ಇದನ್ನು ವಿವರಿಸುತ್ತಾರೆ. ಆದರೆ 1961ರ ಏಪ್ರಿಲಿನಲ್ಲಿ ಕ್ಯೂಬಾದ ಮೇಲೆ ಅಮೆರಿಕದ ಬೆಂಬಲದಿಂದ ನಡೆದ ಬೇ ಆಫ್ ಪಿಗ್ಸ್ ದಾಳಿ ಪೂರ್ತಿ ವಿಫಲವಾದ ಮೇಲೆಯೂ ಅಧ್ಯಕ್ಷ ಕೆನಡಿಯವರಿಗೆ ಒಪ್ಪಿಗೆ ಶೇ 83ಕ್ಕೆ ಏರಿತ್ತು. ದೇಶಪ್ರೇಮದ ಜೊತೆಗೆ ಇಲ್ಲಿ ಇನ್ನೊಂದು ಕಾರಣ ಕೆಲಸ ಮಾಡುತ್ತದೆ. ಇಂಥ ಗಳಿಗೆಯಲ್ಲಿ ವಿರೋಧ ಪಕ್ಷದ ನಾಯಕರು ಟೀಕೆ ನಿಲ್ಲಿಸುತ್ತಾರೆ, ಸುದ್ದಿಯಲ್ಲಿ ಒಂದೇ ಕಡೆಯ ಮಾತು ಉಳಿಯುತ್ತದೆ. ಎದುರಿನ ಸೂಚನೆ ಇಲ್ಲದಾಗ ಮಧ್ಯದವರೂ ವಿರೋಧದ ಬೆಂಬಲಿಗರೂ ಒಪ್ಪಿಗೆಯ ಕಡೆ ವಾಲುತ್ತಾರೆ. ವಿರೋಧ ಪಕ್ಷ ಬಾಯಿ ತೆರೆದ ದಿನದಿಂದ ಆ ಏರಿಕೆ ಕರಗಲು ಶುರುವಾಗುತ್ತದೆ. ಬಿಕ್ಕಟ್ಟಿನಲ್ಲಿ ಪ್ರಶ್ನೆ ಕೇಳುವವರನ್ನು ದೇಶದ್ರೋಹಿಗಳೆಂದು ಕರೆಯುವುದು ಇಷ್ಟು ಬೇಗ ಶುರುವಾಗುವುದು ಏಕೆಂದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಪ್ರಭಾವ ಬೀರುವವರಿಗೆ ಜನರ ಮನಸ್ಸು ಸರಿಯಾಗಿ ಗೊತ್ತಿದೆಯೇ? 2012 ಮತ್ತು 2014ರಲ್ಲಿ ಅಮೆರಿಕದ ರಾಜ್ಯಗಳ ಶಾಸಕ ಸ್ಥಾನದ ಅಭ್ಯರ್ಥಿಗಳನ್ನೂ ಶಾಸಕರನ್ನೂ ಕೇಳಿ ನಡೆಸಿದ ಅಧ್ಯಯನದಲ್ಲಿ ಎರಡೂ ಪಕ್ಷದವರು ತಮ್ಮ ಮತದಾರರನ್ನು ಇರುವುದಕ್ಕಿಂತ ಹೆಚ್ಚು ಸಂಪ್ರದಾಯವಾದಿಗಳೆಂದು ಭಾವಿಸಿದ್ದು ಕಂಡುಬಂತು. ಅವರ ಕಚೇರಿಗೆ ಕರೆ ಮಾಡುವವರು, ಪತ್ರ ಬರೆಯುವವರು, ಭೇಟಿಗೆ ಬರುವವರು ಇಡೀ ಕ್ಷೇತ್ರದ ನಮೂನೆಯಲ್ಲ ಎಂಬುದು ಒಂದು ಮುಖ್ಯ ಕಾರಣ. ಜನಪ್ರತಿನಿಧಿಗಳು ತಾವೇ ಮನೆಮನೆಗೆ ಕಳಿಸುವ ಪ್ರಶ್ನಾವಳಿಗಳಿಗೂ ಇದೇ ರೋಗ. ತುಂಬಿ ಕಳಿಸುವವರು ಬಹುಪಾಲು ಬೆಂಬಲಿಗರೇ. ‘ಕ್ಷೇತ್ರದ ಶೇ 80ರಷ್ಟು ಜನ ನನ್ನ ಜೊತೆಗಿದ್ದಾರೆ’ ಎಂಬ ಹೇಳಿಕೆ ಕಂಡರೆ, ಎಷ್ಟು ಜನರಿಗೆ ಕಳಿಸಿದರು, ಎಷ್ಟು ಬಂದವು, ಪ್ರಶ್ನೆಯ ಮಾತುಗಳು ಯಾವುವು ಎಂಬ ಮೂರೂ ಅದರ ಜೊತೆಗೆ ಇರಬೇಕು. ಇಲ್ಲದಿದ್ದರೆ ಅದು ಸಮೀಕ್ಷೆಯಲ್ಲ, ಪ್ರಚಾರ ಪತ್ರ. ಮತ ಬದಲಿಸಲೆಂದೇ ಕೇಳುವ ಫೋನ್ ‘ಸಮೀಕ್ಷೆ’ಗಳನ್ನು ಗುರುತಿಸುವುದು ಇನ್ನೂ ಸುಲಭ. ಅವರು ಸಾವಿರಗಟ್ಟಲೆ ಜನರಿಗೆ ಕರೆ ಮಾಡುತ್ತಾರೆ, ಒಂದೆರಡೇ ಪ್ರಶ್ನೆ ಕೇಳುತ್ತಾರೆ, ಪ್ರಶ್ನೆಯೊಳಗೇ ಎದುರಾಳಿಯ ಮೇಲೊಂದು ಆರೋಪ ಇರುತ್ತದೆ, ನಿಮ್ಮ ವಯಸ್ಸು ಉದ್ಯೋಗಗಳನ್ನು ಕೇಳುವುದೇ ಇಲ್ಲ.

ಜನರೂ ಮೇಣದ ಗೊಂಬೆಗಳಲ್ಲ. ಸರ್ಕಾರ ಒಂದು ಬಾಬ್ತಿಗೆ ಖರ್ಚು ಹೆಚ್ಚಿಸುತ್ತ ಹೋದಂತೆ ಇನ್ನೂ ಹೆಚ್ಚಿಸಿ ಎನ್ನುವವರು ಕಡಿಮೆಯಾಗುತ್ತಾರೆ, ಕಡಿತ ಮಾಡಿದರೆ ಹೆಚ್ಚಾಗುತ್ತಾರೆ. ಹಲವು ದೇಶಗಳಲ್ಲಿ ಕಂಡ ಸಂಗತಿ ಇದು. ಗೆದ್ದ ಪಕ್ಷ ತನ್ನ ವಿಚಾರಕ್ಕೆ ಜನ ಒಲಿದರು ಎಂದುಕೊಂಡು ಆ ದಿಕ್ಕಿನಲ್ಲಿ ವೇಗ ಹೆಚ್ಚಿಸಿದಾಗಲೇ ಜನರ ಒಲವು ಇನ್ನೊಂದು ಕಡೆ ವಾಲುತ್ತಿರುತ್ತದೆ.

ಭಾಷಣವೊಂದು ನಿಜಕ್ಕೂ ಫಲ ಕೊಟ್ಟ ಸಂದರ್ಭ ಇಲ್ಲವೇ ಎಂದರೆ ಇದೆ, ಮತ್ತು ಅದರ ವಿವರ ತಿಳಿಯುವುದು ಉಪಯುಕ್ತ. 1933ರ ಮಾರ್ಚಿನಲ್ಲಿ ಅಮೆರಿಕದ ಬ್ಯಾಂಕುಗಳಿಂದ ಜನ ಗಾಬರಿಯಿಂದ ಹಣ ತೆಗೆಯುತ್ತಿದ್ದರು. ಹೊಸ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿ, ಮಾರ್ಚ್ 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ ಕಾಲು ಗಂಟೆಗೂ ಕಡಿಮೆ ಹೊತ್ತು ಮಾತನಾಡಿದರು. ನೀವು ಇಟ್ಟ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದಿಲ್ಲ, ಸಾಲ ಕೊಟ್ಟು ದುಡಿಸುತ್ತದೆ, ಆದ್ದರಿಂದ ಎಲ್ಲರೂ ಒಂದೇ ದಿನ ಕೇಳಿದರೆ ಗಟ್ಟಿ ಬ್ಯಾಂಕಿನಲ್ಲೂ ಇರುವುದಿಲ್ಲ ಎಂದು ವಿವರಿಸಿದರು. ಯಾವ ದಿನ ಯಾವ ಊರುಗಳ ಬ್ಯಾಂಕು ತೆರೆಯುತ್ತದೆ ಎಂದು ಹೇಳಿದರು. ಎಲ್ಲ ಬ್ಯಾಂಕುಗಳೂ ತೆರೆಯುತ್ತವೆ, ಯಾರಿಗೂ ನಷ್ಟವಾಗುವುದಿಲ್ಲ ಎಂದು ಭರವಸೆ ಕೊಡಲಿಲ್ಲ. ಮರುದಿನದಿಂದ ಬ್ಯಾಂಕುಗಳು ತೆರೆದಾಗ ಜನ ಹಣ ತೆಗೆಯುವ ಬದಲು ಇಡಲು ಬಂದರು. ಮಾರ್ಚ್ 15ರಂದು ಷೇರುಪೇಟೆ ತೆರೆದಾಗ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ 15ಕ್ಕೂ ಹೆಚ್ಚು ಏರಿತು.

ಆ ಭಾಷಣದ ಹಿಂದೆ ಮುಚ್ಚಿದ ಬ್ಯಾಂಕುಗಳ ತಪಾಸಣೆ ಇತ್ತು, ಮೂರು ದಿನ ಮೊದಲು ಸಂಸತ್ತು ಅಂಗೀಕರಿಸಿದ ಕಾನೂನು ಇತ್ತು. ಹೇಳಿದ ಮಾತು ನಿಜವೋ ಅಲ್ಲವೋ ಎಂಬುದನ್ನು ಕೇಳಿದವರು ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲಿಗೆ ಹೋಗಿ ತಾವೇ ನೋಡಬಹುದಿತ್ತು. ಆಮೇಲಿನ ಹನ್ನೊಂದು ವರ್ಷಗಳಲ್ಲಿ ರೂಸ್‌ವೆಲ್ಟ್ ಅಂಥ ರೇಡಿಯೋ ಮಾತುಗಳನ್ನು ಆಡಿದ್ದು ಒಟ್ಟು ಸುಮಾರು 30 ಸಲ ಮಾತ್ರ. ವರ್ಷಕ್ಕೆ ಸರಾಸರಿ ಮೂರು ಸಹ ಆಗುವುದಿಲ್ಲ.